ಭಾವನ ಈಜುಕೊಳ

ನಮ್ಮ ಭಾವನ ಮನೆಯಲ್ಲಿ ಈಜುಕೊಳ ಇದೆ ಅನ್ನುವ ಸಂಗತಿ ನನಗೆ ಮೊದಲು ತಿಳಿದದ್ದು ನೀರು ಸರಬರಾಜು ಕಚೇರಿಯಲ್ಲಿ, ಒಬ್ಬ ಇಂಜಿನಿಯರ್ ಬಾಯಿಂದ.

ಭಾವ ಅಂದರೆ ನನ್ನ ಅಕ್ಕನ ಗಂಡ. ಅವರ ಹಿತ್ತಲಲ್ಲಿ ಏನೇನಿದೆ ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಬಟ್ಟೆ ಒಣಹಾಕುವ ಹಗ್ಗ. ಹಗ್ಗ ಜೋತುಬೀಳದ ಹಾಗೆ ಎತ್ತಿ ಹಿಡಿದ ಕೋಲು. ಚಕ್ರ ಕಳೆದುಕೊಂಡ ಸೈಕಲ್ಲು. ಅಕ್ಕ ದಿನಾ ಬಿಸಾಡಿ ಅನ್ನುವ, ಭಾವ ದಿನಾ ನಾಳೆ ಅನ್ನುವ ಮರದ ತುಂಡುಗಳು. ಭಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಎಷ್ಟು ಸಣ್ಣ ಚಿತ್ರ ತಂದುಕೊಟ್ಟರೂ ಅದಕ್ಕೆ ಬಾಗಿಲಿನಷ್ಟು ದೊಡ್ಡ ಕಟ್ಟು ಹಾಕಿ ಕಳಿಸುತ್ತಾರೆ. ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೂ ಮಾತಿನಲ್ಲಿ ಆ ಕಸುಬನ್ನು ನಿಲ್ಲಿಸುವುದಿಲ್ಲ.

ನಾನು ಆ ಕಚೇರಿಗೆ ಹೋದದ್ದಾದರೂ ಯಾಕೆ? ಜಗಳಕ್ಕೆ. ನನ್ನದು ಲಾಂಡ್ರಿ. ನಮ್ಮ ಬೀದಿ ಇಳಿಜಾರು. ಲಾಂಡ್ರಿ ಮೇಲ್ತುದಿಯಲ್ಲಿದೆ, ಭಾವನ ಮನೆ ಕೆಳತುದಿಯಲ್ಲಿದೆ. ಕೆಲವು ವಾರಗಳಿಂದ ನನ್ನ ನಲ್ಲಿ ತಿರುಗಿಸಿದರೆ ಮೊದಲು ಒಂದು ನಿಟ್ಟುಸಿರು, ಆಮೇಲೆ ನಾಲ್ಕು ಹನಿ, ಆಮೇಲೆ ಏನೂ ಇಲ್ಲ. ಲಾಡ್ಜಿನ ಬೆಡ್‌ಶೀಟುಗಳು ಮೂಲೆಯಲ್ಲಿ ರಾಶಿಯಾಗಿ, ಆ ರಾಶಿ ಬೆಳೆದು, ನನಗೆ ನನ್ನ ಅಂಗಡಿಯಲ್ಲೇ ನಿಲ್ಲಲು ಜಾಗ ಇರಲಿಲ್ಲ. ಲಾಡ್ಜಿನ ಮ್ಯಾನೇಜರ್ ಫೋನು ಮಾಡಿದ.

"ನೋಡಪ್ಪ, ಈ ವಾರ ಶೀಟು ಬರಲಿಲ್ಲ ಅಂದ್ರೆ ಬೇರೆ ಲಾಂಡ್ರಿ ನೋಡ್ಕೋತೀನಿ. ಗಿರಾಕಿಗಳಿಗೆ ಎಷ್ಟು ದಿನ ಅಂತ ಕರ್ಟನ್ ಹೊದಿಸ್ಲಿ?"

ನನ್ನ ಅಂಗಡಿ ನಡೆಯುವುದೇ ಆ ಲಾಡ್ಜಿನಿಂದ. ಅದು ಕೈಬಿಟ್ಟರೆ ಅಂಗಡಿಗೆ ಬೀಗ. ಸಾಕ್ಷಿಗೆ ಇರಲಿ ಅಂತ ರಾಶಿಯಿಂದ ಒಂದು ಕೊಳಕು ಶೀಟು ಎಳೆದು ಹೆಗಲಿಗೆ ಹಾಕಿಕೊಂಡು ಹೊರಟೆ.

ಇಂಜಿನಿಯರ್ ಕೋಣೆಯಲ್ಲಿ ಗೋಡೆಯಗಲ ಒಂದು ಪರದೆ. ಅದರ ತುಂಬಾ ನೀಲಿ ಗೆರೆ, ಹಸಿರು ಚುಕ್ಕಿ. ಇಂಜಿನಿಯರ್ ಪರದೆಯನ್ನು ನೋಡುತ್ತಿದ್ದ ಪ್ರೀತಿ ಕಂಡರೆ, ಮನೆಯಲ್ಲಿ ಹೆಂಡತಿ ಮಕ್ಕಳನ್ನು ಒಂದು ಸಲವಾದರೂ ಹೀಗೆ ನೋಡಿದ್ದಾರೋ ಇಲ್ಲವೋ ಅನ್ನಿಸುವ ಹಾಗಿತ್ತು.

"ಸಾರ್, ನೀರು ಬರ್ತಿಲ್ಲ!"

"ಯಾವ ಬೀದಿ?"

ಹೇಳಿದೆ. ಅವರು ಏನೋ ಒತ್ತಿದರು. ನಮ್ಮ ಬೀದಿ ಪರದೆ ಮೇಲೆ ದೊಡ್ಡದಾಯಿತು.

"ಬರ್ತಿದೆಯಲ್ರೀ."

"ಸಾರ್, ನಲ್ಲೀಲಿ ಬರ್ತಿಲ್ಲ."

"ಮಾಡೆಲ್‌ನಲ್ಲಿ ಬರ್ತಿದೆ."

"ಹಂಗಾದ್ರೆ ಈ ಶೀಟನ್ನ ನಿಮ್ಮ ಮಾಡೆಲ್‌ನಲ್ಲೇ ಒಗೆದುಕೊಡಿ ಸಾರ್!" ಅಂತ ಮೇಜಿನ ಮೇಲೆ ಒಗೆದೆ.

ಅಲ್ಲಿ ಅವರು ಸಿಟ್ಟಾಗಿದ್ದರೆ ನಾನು ಗೆದ್ದಿರುತ್ತಿದ್ದೆ. ಜಗಳದಲ್ಲಿ ನನ್ನನ್ನು ಸೋಲಿಸಿದವರು ಕಮ್ಮಿ. ಆದರೆ ಆ ಮನುಷ್ಯ ಶೀಟನ್ನು ಮೆಲ್ಲಗೆ ಮಡಿಚಿಟ್ಟು, ಕುರ್ಚಿ ಎಳೆದು, "ಕೂತ್ಕೊಳ್ಳಿ, ತೋರಿಸ್ತೀನಿ" ಅಂದುಬಿಟ್ಟರು. ಕುರ್ಚಿ ಕೊಟ್ಟವರ ಮೇಲೆ ಹೇಗೆ ಕೂಗಾಡುವುದು?

ತೋರಿಸಿದರು. ಪರದೆ ಮೇಲಿದ್ದ ಊರಿನ ನಕ್ಷೆಯೇ ಅವರ ಮಾಡೆಲ್. ಗೆರೆಯೆಲ್ಲ ನೆಲದಡಿಯ ಪೈಪು. ಚುಕ್ಕಿಯೆಲ್ಲ ಮನೆ. ಬೀದಿಗೆ ಎಷ್ಟು ನೀರು ಬಿಡುತ್ತಾರೆ ಅನ್ನುವುದನ್ನು ಬೀದಿಯ ಬಾಯಲ್ಲಿರುವ ದೊಡ್ಡ ಮೀಟರ್ ಹೇಳುತ್ತದೆ. ಮನೆಗಳಿಗೆ ಮೀಟರ್ ಇಲ್ಲ. ಅದಕ್ಕೇ ಸರ್ವೆಯವರು ಮನೆಮನೆಗೆ ಹೋಗಿ ಎಷ್ಟು ಜನ, ಎಷ್ಟು ನಲ್ಲಿ ಅಂತ ಕೇಳಿ ತುಂಬಿಸಿಕೊಂಡು ಬರುತ್ತಾರೆ. ಬಿಟ್ಟ ನೀರಿನಲ್ಲಿ ಮನೆಗಳ ನೀರನ್ನು ಕಳೆದರೆ ಉಳಿಯುವುದೇ ಸೋರಿಕೆ. ಜಾಸ್ತಿ ಉಳಿದರೆ ಆ ಜಾಗ ಪರದೆಯಲ್ಲಿ ಕೆಂಪಾಗುತ್ತದೆ. ಊರೆಲ್ಲ ರಸ್ತೆ ಅಗೆಯುವ ಬದಲು ಕೆಂಪಾದ ಕಡೆ ಮಾತ್ರ ಅಗೆದರೆ ಸಾಕು.

"ಈ ವಾಲ್ವ್ ಮುಚ್ಚಿದ್ರೆ ಯಾರ್ಯಾರಿಗೆ ನೀರು ನಿಲ್ಲುತ್ತೆ ಅಂತ ಮೊದಲೇ ಗೊತ್ತಾಗುತ್ತೆ. ಒತ್ತಿ ನೋಡಿ."

ಒತ್ತಿದೆ. ಒಂದಿಡೀ ಬಡಾವಣೆ ಕಪ್ಪಾಯಿತು. ಬಿಟ್ಟೆ. ಬೆಳಗಿತು.

"ಇನ್ನೊಂದು ಸಲ ಒತ್ಲಾ ಸಾರ್?"

ನಾನು ಎಷ್ಟು ಸಲ ಒತ್ತಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಸಿಟ್ಟು ಎಲ್ಲೋ ಹೋಗಿ ಕೂತಿತ್ತು. ಕೊನೆಗೆ ಅದನ್ನು ಕಷ್ಟಪಟ್ಟು ವಾಪಸ್ ಕರೆತಂದೆ.

"ಸರಿ ಸಾರ್, ನಮ್ಮ ಬೀದಿ ಯಾಕೆ ಕೆಂಪಾಗಿಲ್ಲ?"

"ಆಗಿತ್ತು! ಹೋದ ತಿಂಗಳು ಕೆಂಡದ ಹಾಗಿತ್ತು. ಕೋಲಿಟ್ಟು ಕಿವಿಗೊಟ್ಟು ಸೋರಿಕೆ ಸದ್ದು ಕೇಳೋರನ್ನ ಕಳಿಸ್ಬೇಕು ಅಂತಿದ್ದೆ. ಅಷ್ಟರಲ್ಲಿ ಸರ್ವೆ ಬಂತು. ಲೆಕ್ಕ ಎಷ್ಟು ಚೆನ್ನಾಗಿ ಹೊಂದಿಕೊಳ್ತು ಗೊತ್ತಾ? ನನ್ನ ಸರ್ವೀಸಲ್ಲೇ ಹೀಗೆ ಹೊಂದಿಕೊಂಡಿದ್ದು ನೋಡಿಲ್ಲ. ಸೋರ್ತಿರಲಿಲ್ಲ ಕಣ್ರೀ. ನಿಮ್ಮ ಬೀದೀಲಿ ಒಬ್ಬರ ಮನೇಲಿ ಈಜುಕೊಳ ಇದೆ."

"ನಮ್ಮ ಬೀದೀಲಾ? ಯಾರ ಮನೇಲಿ?"

ಕೆಳತುದಿಯ ಒಂದು ಚುಕ್ಕಿಯ ಮೇಲೆ ಬೆರಳಿಟ್ಟರು. ಬೇರೆ ಚುಕ್ಕಿಗಳೆಲ್ಲ ಸಾಸಿವೆಯಷ್ಟಿದ್ದರೆ ಅದು ಕುಂಬಳಕಾಯಿಯಷ್ಟಿತ್ತು. "ಕಟ್ಟಿನ ಅಂಗಡಿಯವರು. ಮೂರು ಸ್ನಾನದ ಮನೆ, ಕಾರಂಜಿ, ಹಿಂದುಗಡೆ ಈಜುಕೊಳ."

"ಸಾರ್, ಅದು ನಮ್ಮ ಭಾವನ ಮನೆ. ಇರೋ ಒಂದು ಸ್ನಾನದ ಮನೆಗೂ ಚಿಲಕ ಬೀಳಲ್ಲ. ಹಾಡು ಹೇಳ್ಕೊಂಡು ಸ್ನಾನ ಮಾಡ್ತಾರೆ, ಯಾರೂ ಬರದೇ ಇರ್ಲಿ ಅಂತ."

ಇಂಜಿನಿಯರ್ ನನ್ನನ್ನು ಕನಿಕರದಿಂದ ನೋಡಿದರು. "ಕೊಳ ಇಲ್ಲ ಅಂದ್ರೆ, ಇಷ್ಟು ನೀರು ಹೋಗ್ತಿರೋದಾದ್ರೂ ಎಲ್ಲಿಗೆ?"

ನಾನು ಆ ಕುಂಬಳಕಾಯಿಯನ್ನೇ ಮತ್ತೊಮ್ಮೆ ಬಗ್ಗಿ ನೋಡಿದೆ.

"ಮನೆ ಯಜಮಾನರೇ ಬಾಯಿಬಿಟ್ಟು ಕೊಳ ಇಲ್ಲ ಅಂತ ಹೇಳ್ಬೇಕು. ಶುಕ್ರವಾರ ಜಾಗ ನೋಡೋಕೆ ಬರ್ತೀನಿ" ಅಂದು ಶೀಟನ್ನು ವಾಪಸ್ ಕೊಟ್ಟರು.

ಸೀದಾ ಅಕ್ಕನ ಮನೆಗೆ ನುಗ್ಗಿದೆ. ಹೊಸದೊಂದು ಕಣ್ಣಿಗೆ ಬಿತ್ತು: ಹಿತ್ತಲಿನ ಸುತ್ತ ಆಳೆತ್ತರ ತಗಡು. ಅಡುಗೆಮನೆ ಬಾಗಿಲಲ್ಲಿ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಎದುರಿಗೆ ಭಾವ, ಸುತ್ತಿಗೆ ಹಿಡಿದುಕೊಂಡು.

"ಬಂದ್ಯಾ ತಮ್ಮ? ನಮ್ಮನೇಲಿ ಈಜುಕೊಳ ಇದೆಯಂತೆ ಕಣೋ. ಬೇಕರಿಯವನ ಹತ್ತಿರ ಕೇಳಿ ತಿಳ್ಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಒಂದು ಮಾತು ಹೇಳ್ಲಿಲ್ಲ ನೋಡು ನಿಮ್ಮ ಭಾವ!"

"ಅವನ ಮುಂದೆ ಯಾಕೆ..." ಅಂದರು ಭಾವ.

"ಅವನ ಮುಂದೆ ಯಾಕೆ ಬೇಡ? ಬಟ್ಟೆ ಒಗೆಯೋನು ಅವನು. ಕೊಳದಲ್ಲೇ ಒಗೀಲಿ."

ಕೆದಕಿ ಕೇಳಿದ ಮೇಲೆ ಸಂಗತಿ ಹೊರಬಿತ್ತು. ಸರ್ವೆಯ ಹುಡುಗಿ ಬಂದ ಹೊತ್ತಿಗೆ ಎದುರುಮನೆ ಬ್ಯಾಂಕಿನವರು ಅವರ ಗೇಟಿನಲ್ಲಿ ನಿಂತಿದ್ದರಂತೆ. ಬ್ಯಾಂಕಿನವರು ಅಂದರೆ ನಿವೃತ್ತ ಮ್ಯಾನೇಜರ್; ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಈಗಲೂ ಎಲ್ಲರನ್ನೂ ಕೌಂಟರಿನ ಆಚೆಯಿಂದ ನೋಡುವವರು. ಹುಡುಗಿ ಮೊದಲು ಅವರನ್ನು ಕೇಳಿದಳು. ಎರಡು ಸ್ನಾನದ ಮನೆ, ನಾಲ್ಕು ನಲ್ಲಿ, ಹೂದೋಟಕ್ಕೆ ಬೇರೆ ಪೈಪು ಅಂತ ಅವರು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಎದೆಯುಬ್ಬಿಸಿ ಈ ಕಡೆ ತಿರುಗಿ ನಿಂತರು, ಭಾವನ ಉತ್ತರ ಕೇಳಲು.

"ನೀನೇ ಹೇಳೋ," ಅಂದರು ಭಾವ, ಸುತ್ತಿಗೆ ಕೆಳಗಿಟ್ಟು. "ಎದುರಿಗೆ ಹಂಗೆ ನಿಂತಿರೋವಾಗ, ಒಂದು ಅಂತ ಹೇಳೋಕೆ ಬಾಯಾದ್ರೂ ಹೇಗೆ ಬರುತ್ತೆ? ಮೂರು ಅಂದೆ. ಆ ಹುಡುಗಿ ತಲೆ ಎತ್ತದೆ ಒತ್ಕೊಂಡ್ಳು. ಅವರು ಹುಬ್ಬು ಏರಿಸಿದ್ರು. ಕಾರಂಜಿ ಅಂದೆ. ಇನ್ನೊಂದು ಹುಬ್ಬೂ ಏರ್ತು."

"ಅದಕ್ಕೆ?"

"ಎರಡೇ ಹುಬ್ಬಲ್ವೇನೋ ಮನುಷ್ಯನಿಗೆ. ಕೊಳ ಅಂದ ತಕ್ಷಣ ಎರಡೂ ಇಳಿದ್ವು. ಒಳಗೆ ಹೋಗಿಬಿಟ್ರು. ಆವತ್ತು ನನಗೆ ಬಂದ ನಿದ್ದೆ, ಆಹಾ!"

ಸುಳ್ಳು ಅಲ್ಲಿಗೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಮಾರನೆಯ ವಾರ ಬ್ಯಾಂಕಿನವರು ಹೆಗಲ ಮೇಲೆ ಟವೆಲು, ಹಣೆ ಮೇಲೆ ಈಜುವ ಕನ್ನಡಕ ಏರಿಸಿಕೊಂಡು ಬಂದು ಬಾಗಿಲು ತಟ್ಟಿದರು. ಮಂಡಿನೋವಿಗೆ ಈಜಿ ಅಂತ ಡಾಕ್ಟರು ಹೇಳಿದ್ದಾರಂತೆ. ಅಕ್ಕಪಕ್ಕದವರಾಗಿ ಇಷ್ಟೂ ಸಹಾಯ ಆಗದಿದ್ದರೆ ಹೇಗೆ, ಯಾವತ್ತು ಬರಲಿ? ಭಾವ ಬಾಯಿಗೆ ಬಂದದ್ದನ್ನು ಹೇಳಿದರು: "ನೀರು ಬದಲಾಯಿಸ್ತಿದೀವಿ ಸಾರ್."

ಆ ಬೀದಿಯಲ್ಲಿ ಜನ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹನಿ ಲೆಕ್ಕ ಹಾಕುತ್ತಿದ್ದರು. ಅಂಥ ಬೀದಿಯಲ್ಲಿ ಒಬ್ಬ ಮನುಷ್ಯ ಕೊಳದ ನೀರು ಬದಲಾಯಿಸುತ್ತಿದ್ದಾನೆ! ಸುದ್ದಿ ಇಳಿಜಾರು ಹತ್ತಿ ಮೇಲೆ ಬಂತು. ನೀರಿಗೆ ಆಗದ್ದು ಸುದ್ದಿಗೆ ಸಲೀಸು. ಅವತ್ತಿನಿಂದ ಬೇಕರಿಯವನು ಭಾವನಿಗೆ ಬನ್ನು ಕೊಡುವುದನ್ನು ನಿಲ್ಲಿಸಿದ್ದ.

"ಹಿಟ್ಟು ಕಲಸೋಕೆ ನನಗೆ ನೀರಿಲ್ಲ, ಇವರಿಗೆ ಮುಳುಗೋಕೆ ಬೇಕಂತೆ!" ಅಂತ ಅಂಗಡಿ ಮುಂದೆ ನಿಂತು, ಭಾವನ ಕಡೆಯವನಾದ ನನ್ನೊಬ್ಬನನ್ನು ಬಿಟ್ಟು, ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ನನಗೆ ಮೈ ಉರಿದುಹೋಯಿತು. "ಭಾವ, ನಿಮ್ಮ ಕೊಳದಿಂದ ನನ್ನ ಅಂಗಡಿ ಮುಳುಗ್ತಿದೆ. ಶುಕ್ರವಾರ ಇಂಜಿನಿಯರ್ ಬರ್ತಾರೆ. ಎಲ್ಲರ ಮುಂದೆ ಕೊಳ ಇಲ್ಲ ಅಂತ ಹೇಳ್ಬೇಕು."

"ಎಲ್ಲರ ಮುಂದೆ ಅಂದ್ರೆ... ಎದುರುಮನೆಯವರ ಮುಂದೇನಾ?"

"ಅವರ ಮುಂದೆ ಮೊದಲು."

"ಒಂದು ಕೆಲಸ ಮಾಡೋಣ. ಗುರುವಾರದೊಳಗೆ ಒಂದು ಚಿಕ್ಕ ಕೊಳ ತೋಡಿಬಿಟ್ರೆ?"

ಅಕ್ಕ ನನಗಿಂತ ಮೊದಲು ಸುತ್ತಿಗೆಗೆ ಕೈಹಾಕಿದಳು. ಭಾವ ಒಪ್ಪಿಕೊಂಡರು.

ಹೊರಡುವಾಗ ಭಾವ ಮಾತು ಬದಲಿಸಲು ಸ್ನಾನದ ಮನೆ ತೋರಿಸಿದರು. ಚಿಲಕ ಈಗ ಸಲೀಸಾಗಿ ಬೀಳುತ್ತಿತ್ತು. "ನೋಡು, ತಾನಾಗೇ ಸರಿಹೋಯ್ತು! ಬಡಗಿ ಬರಲಿಲ್ಲ, ಉಳಿ ಮುಟ್ಟಲಿಲ್ಲ. ಮನೆಗೆ ಒಳ್ಳೇ ಕಾಲ ಬಂತು ಕಣೋ." ಅಕ್ಕ ಹಿತ್ತಲಿನಿಂದ ಗೊಣಗಿದಳು: ಬಟ್ಟೆ ಹಗ್ಗದ ಕೋಲು ದಿನದಿನಕ್ಕೂ ಕುಳ್ಳಗಾಗುತ್ತಿದೆಯಂತೆ, ಸೀರೆಯ ಅಂಚು ನೆಲಕ್ಕೆ ತಾಗುತ್ತಿದೆಯಂತೆ. ಚಿಲಕ ಸರಿಯಾಗುವುದು, ಕೋಲು ಕುಳ್ಳಗಾಗುವುದು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಅಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ. ನನ್ನ ತಲೆಯಲ್ಲಿ ಇಂಜಿನಿಯರ್ ಕೇಳಿದ ಪ್ರಶ್ನೆಯೊಂದೇ ತಿರುಗುತ್ತಿತ್ತು. ಕೊಳ ಇಲ್ಲ, ಸರಿ. ನೀರು ಹೋಗುತ್ತಿರುವುದು ಎಲ್ಲಿಗೆ?

ಶುಕ್ರವಾರ ಬೀದಿಗೆ ಬೀದಿಯೇ ಭಾವನ ಹಿತ್ತಲ ತಗಡಿಗೆ ಮುತ್ತಿಗೆ ಹಾಕಿತು. ಬೇಕರಿಯವನು ಕೈಯ ಹಿಟ್ಟನ್ನೂ ತೊಳೆಯದೆ ಬಂದಿದ್ದ. ತೊಳೆಯಲು ನೀರೆಲ್ಲಿತ್ತು ಪಾಪ. ಬ್ಯಾಂಕಿನವರು ಟವೆಲು, ಕನ್ನಡಕದ ಜೊತೆಗೆ ಈ ಸಲ ಈಜುವ ಚಡ್ಡಿಯನ್ನೇ ಹಾಕಿಕೊಂಡು ಬಂದಿದ್ದರು. ಕೊಳ ಇದ್ದರೆ ಇಳಿಯುವುದು, ಇಲ್ಲದಿದ್ದರೆ ನಗುವುದು, ಎರಡಕ್ಕೂ ತಯಾರಾಗಿದ್ದರು. ನಾನು ಲಾಡ್ಜಿನ ಶೀಟುಗಳ ಗಂಟನ್ನೇ ಹೊತ್ತು ತಂದಿದ್ದೆ. ಒಂದು ಶೀಟಿಗೆ ಬಗ್ಗದ ಇಲಾಖೆ ಗಂಟಿಗಾದರೂ ಬಗ್ಗಲಿ ಅಂತ.

ಇಂಜಿನಿಯರ್ ಬಂದರು. ಕೈಯಲ್ಲಿ ಟ್ಯಾಬು, ಅದರಲ್ಲಿ ಮಾಡೆಲ್. ಹಿಂದೆ ಸರ್ವೆಯ ಹುಡುಗಿ.

"ತೆಗೀರಿ ತಗಡು."

ಭಾವ ತಗಡು ಸರಿಸಿದರು. ಹಗ್ಗ, ಕುಳ್ಳ ಕೋಲು, ಚಕ್ರವಿಲ್ಲದ ಸೈಕಲ್ಲು, ಮರದ ತುಂಡುಗಳು. ಜನ ಕತ್ತು ಉದ್ದ ಮಾಡಿ ನೋಡಿದರು.

ಭಾವ ಗಂಟಲು ಸರಿ ಮಾಡಿಕೊಂಡರು. ಒಂದು ಸಲ ಎದುರುಮನೆಯವರ ಹುಬ್ಬು ನೋಡಿದರು, ಒಂದು ಸಲ ನನ್ನ ಗಂಟು ನೋಡಿದರು. ಅವರ ಮುಖದಲ್ಲಿ ಎಲ್ಲಾ ಬಣ್ಣಗಳೂ ಬಂದು ಹೋದವು. ಆಮೇಲೆ ಹೇಳಿಬಿಟ್ಟರು.

"ಸಾರ್, ಇಲ್ಲಿ ಕೊಳ ಇಲ್ಲ. ಯಾವತ್ತೂ ಇರಲಿಲ್ಲ. ನಾನು ಹೇಳಿದ್ದು ಸುಳ್ಳು."

ಭಾವ ಅಷ್ಟು ಚಿಕ್ಕ ಕಟ್ಟು ಹಾಕಿದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬ್ಯಾಂಕಿನವರ ತುಟಿ ಅಗಲವಾಗುತ್ತಾ ಹೋಯಿತು.

ಇಂಜಿನಿಯರ್ ಮಾತ್ರ ಟ್ಯಾಬಿನಿಂದ ಕಣ್ಣು ಕೀಳಲಿಲ್ಲ. "ಈಗ ಹೇಳ್ತಿರೋದು ಸುಳ್ಳು."

"ಸಾರ್?"

"ಇಷ್ಟು ಚೆನ್ನಾಗಿ ಹೊಂದಿಕೊಂಡ ಲೆಕ್ಕ ತಪ್ಪಾಗೋಕೆ ಸಾಧ್ಯವೇ ಇಲ್ಲ. ನಾನು ಬರ್ತೀನಿ ಅಂತ ಗೊತ್ತಾಗಿ ಮುಚ್ಚಿಸಿದೀರಿ."

"ಅಯ್ಯೋ, ದೇವರಾಣೆ ಇಲ್ಲ ಸಾರ್! ನಾನು ಒಬ್ಬ ಸುಳ್ಳುಗಾರ. ಯಾರನ್ನಾದ್ರೂ ಕೇಳಿ!"

"ಹೌದು ಸಾರ್," ಅಂದಳು ಅಕ್ಕ. "ಅದನ್ನ ನಾನೂ ಹೇಳ್ತೀನಿ."

"ಮತ್ತೆ ಈ ಮಣ್ಣು ಇಷ್ಟು ಮೆತ್ತಗೆ ಯಾಕಿದೆ?" ಇಂಜಿನಿಯರ್ ಹಗ್ಗದ ಕೆಳಗೆ, ಹಿತ್ತಲಿನ ನಟ್ಟನಡುವೆ ಹೋಗಿ ನಿಂತರು. "ಹೊಸದಾಗಿ ತುಂಬಿಸಿದ ಮಣ್ಣಲ್ವಾ ಇದು? ನೋಡಿ ಎಲ್ಲರೂ. ನೋಡಿ!" ಅಂತ ಬೂಟಿನ ಹಿಮ್ಮಡಿಯಿಂದ ನೆಲವನ್ನು ಬಲವಾಗಿ ಗುದ್ದಿದರು.

ನೆಲ ಒಮ್ಮೆ ತೇಗಿತು. ಆಮೇಲೆ ಕೋಲು, ಹಗ್ಗ, ಹಗ್ಗದ ಮೇಲಿದ್ದ ಭಾವನ ಬನಿಯನ್, ಇಂಜಿನಿಯರ್, ಎಲ್ಲರೂ ಒಟ್ಟಿಗೆ ಕೆಳಗಿಳಿದರು. ಸೈಕಲ್ಲು ಕೊನೆಗೆ ನಿಧಾನವಾಗಿ ಹೋಯಿತು. ಅದಕ್ಕೆ ಚಕ್ರ ಇರಲಿಲ್ಲವಲ್ಲ.

ನಾವು ಅಂಚಿಗೆ ಹೋಗಿ ಬಗ್ಗಿ ನೋಡಿದೆವು. ಕೆಳಗೆ ನೀರೋ ನೀರು, ಬೆಳಕಿಗೆ ಥಳಥಳ ಅನ್ನುತ್ತಿತ್ತು. ಅದರ ನಡುವೆ ಎದೆಮಟ್ಟ ಮುಳುಗಿ ನಿಂತ ಇಂಜಿನಿಯರ್, ಟ್ಯಾಬನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಮೊದಲು ಟ್ಯಾಬು ನೆನೆದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಸುತ್ತ ನೋಡಿದರು. ಆಮೇಲೆ ನಮ್ಮನ್ನು ನೋಡಿದರು.

"ನಾನು ಹೇಳ್ಲಿಲ್ವಾ?" ಅಂದರು.

ಭಾವ ತಲೆ ಮೇಲೆ ಕೈಹೊತ್ತು ಕುಕ್ಕರಿಸಿದರು. "ಇಲ್ಲ ಸಾರ್, ಇದು ನಮ್ಮದಲ್ಲ. ನಮಗೂ ಇದಕ್ಕೂ ಸಂಬಂಧ ಇಲ್ಲ ಸಾರ್!"

"ಎಷ್ಟು ಹೊಟ್ಟೆಕಿಚ್ಚು ಅಂತ!" ಅಂದರು ಬ್ಯಾಂಕಿನವರು, ಟವೆಲು ಕೊಡವುತ್ತಾ. "ಕೊಳ ಇಟ್ಕೊಂಡು ಇಲ್ಲ ಅಂದ್ರಲ್ಲ, ನಾನು ಇಳೀತೀನಿ ಅಂತ ತಾನೆ?"

ಭಾವ ಸುಳ್ಳು ಹೇಳಿದಾಗ ಇಡೀ ಬೀದಿ ನಂಬಿತು. ಎದೆ ಗಟ್ಟಿಮಾಡಿಕೊಂಡು ಒಂದೇ ಒಂದು ಸಲ ನಿಜ ಹೇಳಿದರೆ ನೆಲವೇ ಬಾಯಿಬಿಟ್ಟು ಅವರನ್ನು ಸುಳ್ಳುಗಾರ ಅಂದಿತು. ನನಗೆ ಅವರ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಜಾಸ್ತಿ ಹೊತ್ತು ಉಳಿಯಲಿಲ್ಲ. ಇಂಜಿನಿಯರನ್ನು ಮೇಲೆ ಎಳೆಯಬೇಕಿತ್ತು. ಗಂಟು ಬಿಚ್ಚಿ ಲಾಡ್ಜಿನ ಶೀಟುಗಳನ್ನು ಒಂದಕ್ಕೊಂದು ಕಟ್ಟಿ ಇಳಿಬಿಟ್ಟೆ. ಬೇಕರಿಯವನೂ ನಾನೂ ಎಳೆದೆವು.

"ಒಂದ್ನಿಮಿಷ, ಎಳೀಬೇಡಿ!" ಅಂತ ಅರ್ಧಕ್ಕೆ ಇಂಜಿನಿಯರ್ ಕೂಗಿದರು. ಜೋತಾಡುತ್ತಲೇ ಗುಂಡಿಯ ಗೋಡೆಗೆ ಕಿವಿಗೊಟ್ಟರು. ನಾವೂ ಸುಮ್ಮನಾದೆವು. ಆಗ ಕೇಳಿಸಿತು: ಮಣ್ಣಿನೊಳಗಿಂದ ಸುಂಯ್ ಅನ್ನುವ ಸದ್ದು. ಅವರು ಕೈಯಿಂದ ಒಂದಿಷ್ಟು ಮಣ್ಣು ಕೆದಕಿದರು. ಹಳೇ ಪೈಪು, ಅದರ ಜೋಡಣೆ ಬಾಯಿಬಿಟ್ಟು, ನಮ್ಮೆಲ್ಲರ ನೀರು ಅಲ್ಲಿಂದ ಚಿಮ್ಮುತ್ತಿತ್ತು. ನೆಲದಡಿಯ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಹಳೇ ಚರಂಡಿಗೆ ಸಾಗಿಸಿ, ಮೇಲೊಂದು ತೆಳ್ಳನೆ ಮುಚ್ಚಳ ಬಿಟ್ಟು, ಒಳಗೆ ಸದ್ದಿಲ್ಲದೆ ಕೊಳ ಕಟ್ಟಿತ್ತು. ಮನೆಯ ಗೋಡೆಯೂ ಆ ಕಡೆಗೆ ಒಂದು ಕೂದಲೆಳೆ ವಾಲಿತ್ತು. ಚಿಲಕಕ್ಕೆ ಬಂದ ಒಳ್ಳೇ ಕಾಲ ಅದೇ.

ಇಂಜಿನಿಯರ್ ಹುಲ್ಲಿನ ಮೇಲೆ ಕೂತು ಬೂಟಿನಿಂದ ನೀರು ಸುರಿದರು.

"ಹಾಗಾದ್ರೆ ಮಾಡೆಲ್ ತಪ್ಪಾ ಸಾರ್?" ಅಂತ ಕೇಳಿದೆ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನಿಸಿತ್ತು.

"ಜಾಗ ಸರಿಯಾಗೇ ಹೇಳಿತ್ತು," ಅಂದರು. "ಹೋದ ತಿಂಗಳು ಕೆಂಪಾಗಿದ್ದೂ ಇಲ್ಲೇ. ಸೋರ್ತಿದೆ ಅಂತ ಅದು ಬಡ್ಕೊಳ್ತಿತ್ತು. ನಾವು ಹೋಗಿ, ಇಲ್ಲಪ್ಪ, ಅವರು ಈಜ್ತಿದಾರೆ ಅಂತ ಸಮಾಧಾನ ಮಾಡಿದ್ವಿ. ಅದು ನಂಬ್ಕೊಂಡು ಸುಮ್ಮನಾಯ್ತು."

ಸರ್ವೆಯ ಹುಡುಗಿ ಭಾವನ ಕಡೆ ನೋಡಿದ ನೋಟಕ್ಕೆ ಆ ಗುಂಡಿಯ ನೀರು ಆವಿಯಾಗಬೇಕಿತ್ತು.

ಮಾರನೆಯ ದಿನ ಪೈಪಿಗೆ ಹೊಸ ಜೋಡಣೆ ಹಾಕಿದರು. ನನ್ನ ಲಾಂಡ್ರಿಯ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಬೈದ ಹಾಗೆ ಧೋ ಅಂತ ಸುರಿಯಿತು. ನಾನು ಪೂರ್ತಿ ನೆನೆದೆ. ಪಕ್ಕಕ್ಕೆ ಸರಿಯಬೇಕು ಅನ್ನಿಸಲೇ ಇಲ್ಲ. ಇಂಜಿನಿಯರನ್ನು ಎಳೆದ ಶೀಟುಗಳನ್ನು ಮೂರು ಸಲ ಒಗೆದು, ಇಸ್ತ್ರಿ ಹಾಕಿ, ವಾರದೊಳಗೆ ಲಾಡ್ಜಿಗೆ ಮುಟ್ಟಿಸಿದೆ. "ಒಂದಷ್ಟು ಶೀಟು ಉದ್ದ ಆಗಿದೆಯಲ್ಲೋ?" ಅಂದ ಮ್ಯಾನೇಜರ್. ಉದ್ದ ಮನುಷ್ಯರಿಗೆ ಆಗುತ್ತೆ ಅಂದೆ.

ಗುಂಡಿಗೆ ಮಣ್ಣು ತುಂಬಿಸಿ ನೆಲ ಗಟ್ಟಿ ಮಾಡಿದ ಮೇಲೆ ಸರ್ವೆಯ ಹುಡುಗಿ ಮತ್ತೆ ಬಂದಳು. ಈ ಬೀದಿಯದ್ದೆಲ್ಲ ಮೊದಲಿಂದ ಕೇಳಿ ಬಾ ಅಂತ ಇಂಜಿನಿಯರ್ ಹೇಳಿದ್ದರು. ನಾನು ಕೆಲಸ ಬಿಟ್ಟು ಓಡಿ ಹೋಗಿ ಭಾವನ ಹಿಂದೆ, ಬೆನ್ನಿಗೆ ಉಸಿರು ತಾಗುವಷ್ಟು ಹತ್ತಿರ ನಿಂತೆ. ಇನ್ನೊಂದು ಸುಳ್ಳು ಹುಟ್ಟಿದರೆ ನನ್ನ ನಲ್ಲಿಗೆ ಮತ್ತೆ ನಿಟ್ಟುಸಿರೇ ಗತಿ. ಎದುರು ಗೇಟಿನಲ್ಲಿ ಬ್ಯಾಂಕಿನವರು ಕೈಕಟ್ಟಿ ನಿಂತಿದ್ದರು.

"ಸ್ನಾನದ ಮನೆ?"

"ಒಂದು," ಅಂದರು ಭಾವ. ಎದುರಿಗೆ ಒಂದು ಹುಬ್ಬು ಏರಿತು.

"ಕಾರಂಜಿ?"

"ಇಲ್ಲ." ಇನ್ನೊಂದು ಹುಬ್ಬು.

ಹುಡುಗಿ ತಲೆ ಎತ್ತಿ, ಭಾವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. "ಈಜುಕೊಳ?"

ಭಾವ ಎರಡು ಹುಬ್ಬುಗಳನ್ನು ನೋಡಿದರು. ಅವರ ಎದೆ ಮೆಲ್ಲಗೆ ಉಬ್ಬುತ್ತಿರುವುದು ನನಗೆ ಬೆನ್ನ ಕಡೆಯಿಂದಲೇ ಕಾಣುತ್ತಿತ್ತು. ಅವರ ಅಂಗಿ ಹಿಡಿದು ಎಳೆದೆ. ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದು ನಿಂತಿತು.

"ಇತ್ತು," ಅಂದರು ಭಾವ, ಬೀದಿಗೆಲ್ಲ ಕೇಳುವ ಹಾಗೆ. "ಮುಚ್ಚಿಸಿಬಿಟ್ವಿ."

ಹುಡುಗಿ ಇಲ್ಲ ಅಂತ ಒತ್ತಿಕೊಂಡಳು. ಎದುರಿಗೆ ಎರಡು ಹುಬ್ಬೂ ಇಳಿದವು.